ಪಾಚಿಯ ಹರಕೆ

ನಮ್ಮ ಮನೆಯಲ್ಲಿ ಆ ವರ್ಷ ಎರಡು ಪಾಚಿಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನ ಅತ್ತೆಯದು. ನನ್ನದು ನೀರಿನಲ್ಲಿ ಬೆಳೆಯುವ ಪಾಚಿ, ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಅದರ ಮೇಲೆ ನಾನೊಂದು ಪ್ರಬಂಧ ಬರೆಯಬೇಕಿತ್ತು. ಅತ್ತೆಯದು ಮಕ್ಕಳ ಭಾಷೆಯ ಪಾಚಿ, ಅಂದರೆ ನಿದ್ದೆ. ನನ್ನ ಪುಟ್ಟ ಮಗಳನ್ನು ಕಾಲಮೇಲೆ ಹಾಕಿಕೊಂಡು, "ಪಾಚಿ ಮಾಡು ಬಂಗಾರಾ, ಪಾಚಿ ಮಾಡು" ಎಂದು ತಟ್ಟುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ಮಗುವೂ ಮಲಗುತ್ತಿತ್ತು, ಅವರೂ ತೂಕಡಿಸುತ್ತಿದ್ದರು. ಎಚ್ಚರವಾದಾಗ ಎದುರಿಗೆ ಪುಸ್ತಕ ಹರಡಿಕೊಂಡು ಕೂತ ನನ್ನನ್ನು ನೋಡಿ, "ನಿಂದು ಅದ್ಯಾವ ಪಾಚಿನೇ, ಇಷ್ಟು ಓದಿದ್ರೂ ನಿದ್ದೆ ಬರಲ್ವಲ್ಲ!" ಎಂದು ರೇಗಿಸುತ್ತಿದ್ದರು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ನನ್ನವರಿಗೆ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಂದು ಶಿಫ್ಟು, ಶಿಫ್ಟಿಗೊಂದು ಮುಖ. ಎಂ.ಎಸ್ಸಿ.ಯ ಪರೀಕ್ಷೆಗಳನ್ನೆಲ್ಲ ಮಗಳು ಹೊಟ್ಟೆಯಲ್ಲಿದ್ದಾಗಲೇ ಬರೆದು ಮುಗಿಸಿದ್ದೆ. ಬಾಕಿ ಉಳಿದದ್ದು ಪ್ರಬಂಧ ಮತ್ತು ಅದರ ಮೌಖಿಕ ಪರೀಕ್ಷೆ. ಬಾಣಂತನ, ಮಗುವಿನ ಹಲ್ಲು, ಮಗುವಿನ ನೆಗಡಿ ಎಂದು ಮುಂದೂಡುತ್ತಲೇ ಬಂದೆ. ಕೊನೆಗೆ ಪ್ರೊಫೆಸರರು ಕರೆಸಿದರು. "ನೋಡಮ್ಮಾ, ಸಂಕ್ರಾಂತಿ ಒಳಗೆ ಮುಗಿಸಿ ತಂದ್ರೆ ಸರಿ. ಆಮೇಲೆ ನಾನೂ ರಿಟೈರ್ ಆಗ್ತೀನಿ, ನಿಮ್ಮ ರಿಜಿಸ್ಟ್ರೇಷನ್ನೂ ಮುಗಿದುಹೋಗುತ್ತೆ" ಎಂದರು. ಅಂದರೆ ಸಂಕ್ರಾಂತಿ ದಾಟಿದರೆ ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಅತ್ತೆಯ ಗಡುವೂ ಸಂಕ್ರಾಂತಿಯೇ. ಅವರಿಗೆ ಮೂವರು ಗಂಡುಮಕ್ಕಳು. ಮಾವ ಹೋದ ಮೇಲೆ ಅವರು ವರ್ಷವನ್ನು ಹೋಳಿಗೆ ಹಂಚಿದಂತೆ ಮೂರು ಪಾಲು ಮಾಡಿಕೊಂಡಿದ್ದರು. ದಸರೆಯಿಂದ ಸಂಕ್ರಾಂತಿಯ ತನಕ ನಮ್ಮಲ್ಲಿ, ಅಲ್ಲಿಂದ ಮೈಸೂರಿನ ಹಿರಿಮಗನ ಮನೆಗೆ, ಮಳೆ ಶುರುವಾದ ಮೇಲೆ ದಾವಣಗೆರೆಯ ಕಿರಿಮಗನಲ್ಲಿಗೆ. ಇದನ್ನು ಯಾರೂ ಅವರ ಮೇಲೆ ಹೇರಿದ್ದಲ್ಲ. ಅವರಿಗೆ ರೈಲೆಂದರೆ ಪ್ರಾಣ. ಕಿಟಕಿಯ ಪಕ್ಕದ ಸೀಟು, ಮದ್ದೂರು ಬಂದಾಗ ಬಿಸಿ ವಡೆ, ಎದುರು ಕೂತವರ ಮನೆತನದ ಪೂರ್ವೋತ್ತರ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬೆಂದವರಿಗೆ ಈ ತಿರುಗಾಟವೇ ಪಿಂಚಣಿ. "ಇನ್ನೊಂದು ತಿಂಗಳು ಇರಿ ಅತ್ತೆ" ಎಂದರೆ ಒಂದೇ ಉತ್ತರ: "ನಿಂತ ನೀರು ಪಾಚಿ ಕಟ್ಟುತ್ತೆ ಕಣೇ. ನಾನು ಹರಿಯೋ ನೀರು." ಆಮೇಲೆ ಯಾರು ಎಷ್ಟು ಹಲುಬಿದರೂ ಅವರ ಟ್ರಂಕು ಮಂಚದಡಿಯಿಂದ ಹೊರಗೆ ಬರುತ್ತಿತ್ತು.

ತಮಾಷೆಯೆಂದರೆ ನನ್ನ ಪ್ರಬಂಧದ ವಿಷಯವೂ ಅದೇ ಗಾದೆ. ನೀರಿನ ಹರಿವಿಗೂ ಪಾಚಿಯ ಬೆಳವಣಿಗೆಗೂ ಏನು ಸಂಬಂಧ? ಪ್ರೊಫೆಸರರು ವಿಷಯ ಕೊಟ್ಟಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ನಿಂತರೆ ಕಟ್ಟುತ್ತದೆ, ಹರಿದರೆ ಕಟ್ಟುವುದಿಲ್ಲ, ಇದನ್ನು ನಮ್ಮತ್ತೆ ಅಡಿಕೆ ಕತ್ತರಿಸುತ್ತಲೇ ಹೇಳುತ್ತಾರೆ, ಇದಕ್ಕೆ ಎಂ.ಎಸ್ಸಿ. ಯಾಕೆ ಎಂದು. ಆದರೆ ಪ್ರೊಫೆಸರರ ಷರತ್ತು ಬಿಗಿಯಾಗಿತ್ತು: ನೀರು ಒಂದೇ ಆಗಿರಬೇಕು, ಅದರ ನಡಿಗೆ ಮಾತ್ರ ಬೇರೆಬೇರೆಯಾಗಿರಬೇಕು. ಹುಡುಕಿ ಹುಡುಕಿ ಕೊನೆಗೆ ಕೆಂಗೇರಿಯಾಚೆ ಒಂದು ಹಳ್ಳಿಯ ಕೆರೆ ಸಿಕ್ಕಿತು. ಮಳೆ ಚೆನ್ನಾಗಿ ಬಿದ್ದ ವರ್ಷ. ಕೆರೆಯಂಗಳದಲ್ಲಿ ನೀರು ಮಿಸುಕದೆ ನಿಂತಿತ್ತು. ಏರಿಯ ಕೆಳಗೆ ತೂಬಿನಿಂದ ಬಿಟ್ಟ ನೀರು ಕಾಲುವೆಯಲ್ಲಿ ಸಾವಕಾಶವಾಗಿ ಗದ್ದೆಗಳ ಕಡೆ ಹೋಗುತ್ತಿತ್ತು. ಇನ್ನೊಂದು ತುದಿಯಲ್ಲಿ ಕೆರೆ ಕೋಡಿ ಬಿದ್ದು, ಮಿಕ್ಕ ನೀರು ಬಂಡೆಯ ಮೇಲಿಂದ ಧುಮುಗುಟ್ಟುತ್ತಾ ವೃಷಭಾವತಿಯ ಕಡೆಗೆ ಓಡುತ್ತಿತ್ತು. ಒಂದೇ ನೀರು, ಮೂರು ನಡಿಗೆ. ನನಗೆ ನಿಧಿ ಸಿಕ್ಕಷ್ಟು ಸಂತೋಷವಾಯಿತು.

ಕೆಲಸ ಕಷ್ಟದ್ದೇನಲ್ಲ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳನ್ನು ಸೀಳಿದ ಬಿದಿರಿನ ಕಡ್ಡಿಗೆ ಸಿಕ್ಕಿಸಿ, ನೀರಿನಲ್ಲಿ ಇಳಿಬಿಟ್ಟು, ಕೆಲವು ವಾರ ಬಿಟ್ಟು ತೆಗೆಯಬೇಕು. ಅಷ್ಟರಲ್ಲಿ ಅವುಗಳ ಮೇಲೆ ಪಾಚಿ ಕಟ್ಟಿರುತ್ತದೆ; ಎಲ್ಲಿ ಯಾವುದು ಎಷ್ಟು ಕಟ್ಟಿದೆ ಎಂದು ನೋಡಿದರಾಯಿತು. ಕಡ್ಡಿ ಕಟ್ಟಲು ದಾರ ಬೇಕಲ್ಲ. ಅಂಗಡಿಯ ಬಿಳಿ ದಾರ ಎಳೆದರೆ ಪಟ್ಟೆಂದು ಕಡಿಯುತ್ತಿತ್ತು. ದೇವರಮನೆಯ ಡಬ್ಬಿಯಲ್ಲಿ ಗೌರಿಹಬ್ಬಕ್ಕೆಂದು ಅರಿಶಿನ ಹಚ್ಚಿ ಹೊಸೆದಿಟ್ಟ ದಾರದ ಉಂಡೆ ಮಿಕ್ಕಿತ್ತು, ಒಳ್ಳೆ ಗಟ್ಟಿ. ಅದನ್ನೇ ತೆಗೆದುಕೊಂಡೆ. ಯಾವ ಗಾಜು ಯಾವ ಜಾಗದ್ದು ಎಂದು ಗುರುತು ಬೇಕು. ಶಾಯಿ ನೀರಿಗೆ ನಿಲ್ಲುವುದಿಲ್ಲ. ಮದುವೆಯಲ್ಲಿ ಯಾರೋ ಕೊಟ್ಟ, ಉಗುರಿಗೆ ಹಚ್ಚುವ ಕೆಂಪು ಬಣ್ಣದ ಪುಟ್ಟ ಸೀಸೆ ಬಿಚ್ಚದೆ ಬಿದ್ದಿತ್ತು. ಅದರಿಂದ ಗಾಜಿನ ತುದಿಗೆ ಚುಕ್ಕೆ ಇಟ್ಟೆ. ಕೆರೆಯದಕ್ಕೆ ಒಂದು, ಕಾಲುವೆಯದಕ್ಕೆ ಎರಡು, ಕೋಡಿಯದಕ್ಕೆ ಮೂರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ, ನಾಯಂಡಹಳ್ಳಿ ದಾಟಿ, ಕೆಂಗೇರಿಯಲ್ಲಿಳಿದು, ರಾಗಿ ಹೊಲಗಳ ನಡುವೆ ನಡೆದು ಹೋಗಿ ಮೂರು ಕಡೆಯೂ ಕಟ್ಟಿ ಬಂದೆ. ಕೆರೆಯ ಮೆಟ್ಟಿಲ ಕಲ್ಲಿಗೊಂದು, ಕಾಲುವೆಯ ಮೇಲೆ ಬಾಗಿದ ಹೊಂಗೆಮರದ ಬೇರಿಗೊಂದು, ಕೋಡಿಯ ಪಕ್ಕದ ಲಕ್ಕಿಗಿಡಕ್ಕೊಂದು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನಾನು ನಕ್ಕೆ, ಅವರೂ ನಕ್ಕರು. ಏನು ಎತ್ತ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲೇ ಎಡವಿದ್ದು.

ಎಳ್ಳು ಹುರಿಯುವ ದಿನಗಳು ಹತ್ತಿರ ಬಂದಾಗ ಗಾಜು ತೆಗೆಯಲು ಹೋದೆ. ದೂರದಿಂದಲೇ ಹೊಂಗೆಮರ ಏನೋ ಬೇರೆಯಾಗಿ ಕಂಡಿತು. ಹತ್ತಿರ ಹೋಗಿ ನೋಡಿದೆ. ನನ್ನ ದಾರದ ಪಕ್ಕದಲ್ಲಿ ಇನ್ನೊಂದು ಹಳದಿ ದಾರ, ಅದರ ಪಕ್ಕದಲ್ಲಿ ಮತ್ತೊಂದು. ಬೇರಿನ ತುಂಬ ದಾರವೋ ದಾರ. ಒಂದಕ್ಕೆ ಬಳೆಚೂರು, ಒಂದಕ್ಕೆ ಒಡೆದ ಕನ್ನಡಿಯ ತುಂಡು, ಒಂದಕ್ಕೆ ಸೀಸೆಯ ಮುಚ್ಚಳ. ಬೇರಿಗೆ ಕುಂಕುಮ, ಬುಡದಲ್ಲಿ ಚೆಂಡುಹೂವು, ಒಡೆದ ತೆಂಗಿನಕಾಯಿಯ ಚಿಪ್ಪು. ಪಟ್ಟಣದ ಹೆಣ್ಣುಮಗಳೊಬ್ಬಳು ಅಷ್ಟು ದೂರದಿಂದ ಬಂದು, ಅರಿಶಿನದ ದಾರದಲ್ಲಿ ಕುಂಕುಮದ ಬೊಟ್ಟಿಟ್ಟ ಗಾಜು ಕಟ್ಟಿ, ಯಾರೊಡನೆಯೂ ಮಾತಾಡದೆ ಹೋದಳೆಂದರೆ ಅದು ಗಂಗಮ್ಮನಿಗೆ ಕಟ್ಟಿದ ಹರಕೆಯಲ್ಲದೆ ಇನ್ನೇನು? ಅವಳಿಗೆ ಫಲಿಸುವುದು ನಮಗೂ ಫಲಿಸಲಿ ಎಂದು ಊರಿನವರೂ ಕಟ್ಟಿದ್ದರು.

ನಗು ಬಂತು. ನಗುತ್ತಲೇ ನನ್ನ ದಾರಕ್ಕೆ ಕೈ ಹಾಕಿದೆ. "ಏಯ್ ಏಯ್, ಮುಟ್ಬ್ಯಾಡ ಕಣವ್ವಾ!" ಎಂದು ಒಗೆಯುವ ಕಲ್ಲಿನಿಂದ ಕೂಗು ಬಂತು. ಹೆಂಗಸರಲ್ಲಿ ಹಿರಿಯಾಕೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು.

"ಇದು ನಾನೇ ಕಟ್ಟಿದ್ದು ಅಜ್ಜಿ" ಎಂದೆ.

"ಗೊತ್ತು ಬುಡು, ನೋಡಿವ್ನಿ. ಅರ್ಕೆ ತೀರ್ತಾ?"

"ಇದು ಹರಕೆ ಅಲ್ಲ ಅಜ್ಜಿ. ಪರೀಕ್ಷೆಗೆ."

"ಓ, ಪರೀಕ್ಸೆಗೆ ಕಟ್ಕಂಡಿದ್ದಾ. ಪಾಸಾಯ್ತಾ?"

"ಇಲ್ಲ, ಇದನ್ನ ಬಿಚ್ಚಿದ್ರೇನೇ ಪಾಸಾಗೋದು."

ಅಜ್ಜಿ ಹಿಂದೆ ತಿರುಗಿ ಉಳಿದವರಿಗೆ ಹೇಳಿದಳು: "ನೋಡ್ರವ್ವಾ, ಪಾಸಾಗೋಕ್ ಮುಂಚೇನೇ ಬಿಚ್ತಾಳಂತೆ!" ಎಲ್ಲರೂ ಸೇರಿ ನನಗೆ ಬುದ್ಧಿ ಹೇಳಿದರು. ಕಟ್ಟಿದ ಹರಕೆಯನ್ನು ತೀರುವ ಮೊದಲು ಬಿಚ್ಚಿದರೆ ಗಂಗಮ್ಮ ಮುನಿಯುತ್ತಾಳೆ. ಮುನಿದರೆ ನಿನಗೊಬ್ಬಳಿಗಲ್ಲ, ಪಕ್ಕದಲ್ಲಿ ಕಟ್ಟಿದವರಿಗೂ ಕೇಡು. ಒಬ್ಬಾಕೆಯ ಮಗಳು ತುಂಬಿದ ಬಸುರಿಯಂತೆ, ಅವಳ ಹೆಸರಿನಲ್ಲಿ ಕಟ್ಟಿದ ದಾರ ನನ್ನದಕ್ಕೆ ತಾಗಿಕೊಂಡೇ ಇತ್ತು. ಆಕೆ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು. ಆ ಕಣ್ಣೆದುರು ದಾರ ಹರಿಯಲು ನನಗೆ ಧೈರ್ಯ ಬರಲಿಲ್ಲ. ಪಾಸಾಗದೆ ಬಿಚ್ಚುವಂತಿಲ್ಲ, ಬಿಚ್ಚದೆ ಪಾಸಾಗುವಂತಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಹಾಗೆ. ಉಳಿದೆರಡನ್ನೂ ಅವರು ಮುಟ್ಟಗೊಡಲಿಲ್ಲ; ಬರಿಗೈಯಲ್ಲಿ ಬಸ್ಸು ಹತ್ತಿದೆ. ನಾಯಂಡಹಳ್ಳಿ ಬರುವಷ್ಟರಲ್ಲಿ ಅಳು ಬಂದುಬಿಟ್ಟಿತ್ತು.

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕಿದ್ದೇ ನಕ್ಕಿದ್ದು. ಮಲಗಿದ್ದ ಮಗು ಎದ್ದು ಕೂತಿತು. "ಗೌರಿದಾರ ಕೆರೆಗೆ ಕಟ್ಟಿ ಬಂದು ಹರಕೆ ಅಲ್ಲ ಅಂದ್ರೆ ಯಾರೇ ನಂಬ್ತಾರೆ? ನಾನಾದ್ರೂ ಒಂದು ಕಾಯಿ ಒಡೀತಿದ್ದೆ" ಎಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅದು ಸಿಗದೇ ಇದ್ರೆ ನಿಜವಾಗ್ಲೂ ಹೋಗುತ್ತೇನೇ, ಅಷ್ಟು ವರ್ಷದ ಓದು?" ಹೂಂ ಎಂದೆ. ಅವರು ಅಡಕೊತ್ತನ್ನು ಪಕ್ಕಕ್ಕಿಟ್ಟರು. "ನಾಳೆ ನಾನೂ ಬರ್ತೀನಿ. ಮಗೂನೂ ಕರ್ಕೊಂಡು ಹೋಗೋಣ. ನೀನು ಅಲ್ಲಿ ಬಾಯಿ ಬಿಡಬೇಡ, ಅಷ್ಟೇ."

ಮರುದಿನ ಅತ್ತೆ ಕೆರೆಯ ಏರಿ ಹತ್ತಿದ ಗತ್ತು ನೋಡಬೇಕಿತ್ತು. ಕಂಕುಳಲ್ಲಿ ಮೊಮ್ಮಗಳು, ಸೊಂಟದಲ್ಲಿ ಸೆರಗು. ಹೋದವರೇ ಗಾಜಿನ ಸುದ್ದಿ ಎತ್ತಲಿಲ್ಲ. ಒಗೆಯುವ ಕಲ್ಲಿನ ಪಕ್ಕ ಕೂತು, ಈ ಸಲ ರಾಗಿ ಹೇಗೆ, ಬಸುರಿಗೆ ಎಷ್ಟನೇ ತಿಂಗಳು, ಯಾವ ಊರಿಗೆ ಕೊಟ್ಟಿದ್ದು ಎಂದು ರೈಲಿನಲ್ಲಿ ಕೂತವರ ಹಾಗೆ ಶುರುಮಾಡಿದರು. ನನಗೆ ಗಾಜಿನದೇ ಚಿಂತೆ, ಅವರಿಗೆ ಬಾಯಿತುಂಬ ಮಾತು. ಎಲ್ಲ ಮುಗಿದ ಮೇಲೆ ಹಿರಿಯ ಅಜ್ಜಿಯನ್ನು ಕೇಳಿದರು:

"ಅಲ್ಲಮ್ಮಾ, ತಿಳುವಳಿಕೆ ಇಲ್ಲದ ಹುಡುಗಿ, ಹರಕೆನ ಗಾಜಿಗೆ ಕಟ್ಟಿದಾಳೆ. ಗಾಜು ಒಡೆಯೋ ಪದಾರ್ಥ. ಗಂಗಮ್ಮನಿಗೆ ಒಡೆಯೋದು ಕೊಡಬಹುದಾ?"

ಅಜ್ಜಿ ಯೋಚಿಸಿದಳು. "ಕೊಡಬಾರ್ದು" ಎಂದಳು.

"ನಮ್ಮ ಕಡೆ ಹರಕೆಗೆ ಮುಡಿಪು ಕಟ್ತಾರೆ. ಮುಡಿಪು ಕಟ್ಟಿ, ಅದೇ ಹರಕೆನ ದೊಡ್ಡೋರು ತಮ್ಮ ಮೇಲೆ ಹಾಕ್ಕೊಂಡ್ರೆ, ಆ ಗಾಜು ತೆಗೀಬಹುದು ತಾನೇ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿಯ ಮುಖ ಅರಳಿತು. "ಅಂಗಾದ್ರೆ ಸರಿ ಕಣವ್ವಾ. ಅರ್ಕೆ ಕೈ ಬದಲಾಯ್ತದೆ, ಅಷ್ಟೆಯಾ."

ಅತ್ತೆ ತಮ್ಮ ಒಗೆದ ಕರ್ಚೀಫು ತೆಗೆದರು. ಅಜ್ಜಿಯೇ ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯ್ದು ಅದಕ್ಕೆ ಹಚ್ಚಿಕೊಟ್ಟಳು. ಅತ್ತೆ ಸೆರಗಿನ ಗಂಟಿನಿಂದ ಒಂದು ನಾಣ್ಯ ಬಿಚ್ಚಿ ಅದರಲ್ಲಿಟ್ಟು, ಗಂಟು ಹಾಕಿ, ಹೊಂಗೆಯ ಬೇರಿಗೆ ಕಟ್ಟಿದರು. ನೀರಿಗೆ ಕೈಮುಗಿದು ಕಣ್ಣುಮುಚ್ಚಿ ಏನೋ ಗೊಣಗಿದರು. ತುಸು ಹೊತ್ತು ಬೇಕಾಯಿತು; ಚೌಕಾಸಿ ನಡೆದಿತ್ತೆಂದು ತೋರುತ್ತದೆ. ಏನು ಹೇಳಿಕೊಂಡಿರಿ ಎಂದು ಕೇಳಿದೆ. "ಹರಕೆ ಹೇಳಿಬಿಟ್ರೆ ಕೆಡುತ್ತೆ. ಸುಮ್ನೆ ನಿನ್ನ ಗಾಜು ತಗೋ" ಎಂದರು. ಬಸುರಿಯ ತಾಯಿ ತನ್ನ ದಾರ ಅಲುಗದಂತೆ ಹಿಡಿದುಕೊಂಡಳು, ನಾನು ನನ್ನದನ್ನು ಮೆಲ್ಲಗೆ ಬಿಚ್ಚಿದೆ. ಕೆರೆಯದ್ದೂ ಕೋಡಿಯದ್ದೂ ಆಮೇಲೆ ಸುಲಭವಾಗಿ ಬಂದವು.

ಗಾಜುಗಳನ್ನು ಕೆರೆನೀರು ತುಂಬಿದ ಸೀಸೆಗಳಿಗೆ ಇಳಿಸುವಾಗ ಅತ್ತೆ ಬಗ್ಗಿ ನೋಡಿದರು. ಕೋಡಿಯ ಗಾಜು ಹೆಚ್ಚುಕಡಿಮೆ ಬೋಳು. ಕೆರೆಯ ಗಾಜಿನ ಮೇಲೆ ತೆಳ್ಳನೆ ಹಸಿರು, ಬೆರಳು ತಾಗಿದರೆ ಬಿಟ್ಟುಕೊಳ್ಳುವಂಥದ್ದು. ಕಾಲುವೆಯ ಗಾಜು ಮಾತ್ರ ಬಂಗಾರ ಬೆರೆತ ಕಂದು ಬಣ್ಣದ ದಪ್ಪ ಪದರ ಹೊದ್ದು, ಅದರ ಮೇಲೆ ಉದ್ದನೆಯ ಹಸಿರು ಎಳೆಗಳನ್ನು ಬಿಟ್ಟುಕೊಂಡು ಬೀಗುತ್ತಿತ್ತು.

"ಇದೇನೇ, ಹರಿಯೋ ನೀರಲ್ಲೂ ಕಟ್ಟಿದೆ?" ಅತ್ತೆಯ ದನಿಯಲ್ಲಿ ಅಸಮಾಧಾನ. ಅವರ ಗಾದೆಗೇ ಕುತ್ತು ಬಂದಿತ್ತು.

ಬಸ್ಸಿನಲ್ಲಿ ಅವರಿಗೆ ವಿವರಿಸಿದೆ. ತೇಲುವ ಪಾಚಿ ಬೇರೆ, ಹಿಡಿದುಕೊಳ್ಳುವ ಪಾಚಿ ಬೇರೆ. ತೇಲುವುದಕ್ಕೆ ನಿಂತ ನೀರು ಬೇಕು. ಹರಿದರೆ ಅದು ಕೊಚ್ಚಿಹೋಗುತ್ತದೆ. ಹಾಗಾಗಿಯೇ ಕೆರೆಯ ಮೂಲೆಗಳು ಹಸಿರುಗಟ್ಟುವುದು, ಗಾದೆ ಹುಟ್ಟಿದ್ದು. ಆದರೆ ಕಲ್ಲನ್ನೋ ಬೇರನ್ನೋ ಹಿಡಿದು ಕೂತ ಪಾಚಿಗೆ ಹರಿವು ಊಟ ತಂದುಕೊಡುತ್ತದೆ. "ಪಂಕ್ತಿಯಲ್ಲಿ ಕೂತವರ ಮುಂದೆ ಬಡಿಸುವವರು ಹಾದುಹೋಗ್ತಾರಲ್ಲ ಅತ್ತೆ, ಹಾಗೆ. ಬಡಿಸುವವರು ಒಂದೇ ಕಡೆ ನಿಂತುಬಿಟ್ರೆ ಎಲೆ ಖಾಲಿ. ಓಡಿಬಿಟ್ರೆ ಎಲೆಯೇ ಹಾರಿಹೋಗುತ್ತೆ, ಕೋಡಿಯಲ್ಲಿ ಆಗಿದ್ದು ಅದೇ. ಸಾವಕಾಶವಾಗಿ ಹರಿದು, ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ, ಹರಿಯೋ ನೀರಲ್ಲೇ ಚೆನ್ನಾಗಿ ಕಟ್ಟುತ್ತೆ." ಮಗು ಅತ್ತೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋಗಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು.

ರಾತ್ರಿಯೆಲ್ಲ ಕೂತು ಬರೆದು ಸಂಕ್ರಾಂತಿಗೆ ಮುಂಚೆಯೇ ಪ್ರಬಂಧ ಮುಗಿಸಿ ಕೊಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರರು ಕೇಳಿದ್ದೂ ಅದನ್ನೇ. "ಲೋಕವೆಲ್ಲ ನಿಂತ ನೀರು ಪಾಚಿ ಕಟ್ಟುತ್ತೆ ಅನ್ನುತ್ತೆ. ನಿಮ್ಮ ಕಾಲುವೆ ಯಾಕಮ್ಮಾ ಉಲ್ಟಾ ಹೊಡೀತಾ ಇದೆ?" ಅತ್ತೆಗೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ, ಪಂಕ್ತಿಯ ಹೋಲಿಕೆಯೊಂದನ್ನು ಬಿಟ್ಟು. ಅವರು ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಅಂಚಿಗೆ ಸಿಕ್ಕಿಕೊಂಡಿದ್ದ ಹಳದಿ ಎಳೆಯೊಂದನ್ನು ಚಿಮುಟದಿಂದ ಎತ್ತಿ, "ಇದು ಯಾವ ಜಾತಿ?" ಎಂದರು. "ಗೌರಿದಾರ ಸಾರ್" ಎಂದೆ. ಅದಕ್ಕೆ ಮುಂಚೆ ಅವರು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಪಾಸು ಎಂದರು. ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದರು. ವಿಜಯನಗರದ ಕಡೆ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರಕ್ಕೆ ಮೇಡಂ ಬೇಕಂತೆ, ಸಂಕ್ರಾಂತಿ ಕಳೆದ ಮೇಲೆ ಸೇರಬೇಕಂತೆ, ಹೋಗ್ತೀರಾ?

ಆ ದಿನ ಪಾಸಾದ ಖುಷಿ ರಾಜಾಜಿನಗರ ತಲುಪುವ ಮುಂಚೆಯೇ ಅರ್ಧವಾಯಿತು. ಎಳ್ಳು ಬೀರಿದ ಮಾರನೆಯ ದಿನಕ್ಕೆ ಅತ್ತೆಯ ಮೈಸೂರು ಟಿಕೆಟ್ಟು ಆಗಿತ್ತು. ಟ್ರಂಕು ಹೊರಗೆ ಬಂದು, ಸೀರೆಗಳು ಮಡಿಸಿ ಕೂತಿದ್ದವು. ಊಟಕ್ಕೆ ಬಡಿಸುತ್ತಾ ಗಂಡನಿಗೆ ಹೇಳಿದೆ: "ಆ ಕೆಲಸ ಬೇರೆಯವರಿಗೆ ಹೋಗಲಿ ಬಿಡಿ. ಮಗೂನ ಯಾರು ನೋಡ್ಕೊತಾರೆ?" ಅವರು ಸಾರಿಗೆಂದು ತಟ್ಟೆ ಮುಂದೆ ಮಾಡಿದರು. ಇಷ್ಟು ಒದ್ದಾಡಿ ಪಾಸಾದದ್ದು ಮಗುವಿನ ಬಟ್ಟೆ ಒಣಹಾಕುವುದಕ್ಕೇ ಎಂದು ನನಗೆ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಅತ್ತೆ ಹಜಾರದಲ್ಲಿ ಮಗುವನ್ನು ತಟ್ಟುತ್ತಿದ್ದರು. ಪಾಚಿ ಮಾಡು ಬಂಗಾರಾ.

ಸಂಕ್ರಾಂತಿ ಕಳೆದ ಮಾರನೆಯ ಬೆಳಿಗ್ಗೆ, ಬುತ್ತಿ ಕಟ್ಟೋಣವೆಂದು ಅತ್ತೆಯನ್ನು ಹುಡುಕಿಕೊಂಡು ಹೋದರೆ ಟ್ರಂಕು ಕಾಣಲಿಲ್ಲ. ಮಂಚದಡಿ ಬಗ್ಗಿದೆ. ಅದರ ಹಳೆಯ ಜಾಗದಲ್ಲೇ ಇತ್ತು. ಸೀರೆಗಳು ಹಗ್ಗದ ಮೇಲೆ ವಾಪಸು ಬಂದಿದ್ದವು. ಅತ್ತೆ ಮಗುವಿನ ತಲೆಗೆ ಎಣ್ಣೆ ಒತ್ತುತ್ತಿದ್ದರು.

"ಅತ್ತೆ, ರೈಲಿಗೆ ಹೊತ್ತಾಯ್ತು."

"ರೈಲಿಗೆ ಹೊತ್ತಾಗಿಲ್ಲ, ನಿನಗೆ ಹೊತ್ತಾಗಿದೆ. ಕಾಲೇಜಿಗೆ ಹೋಗಿ ಮಾತಾಡ್ಕೊಂಡು ಬಾ." ತಲೆಯೆತ್ತದೆ ಹೇಳಿದರು. "ಹರಕೆ ತೀರ್ತಲ್ಲ, ಈಗ ಹೇಳಬಹುದು. ಇವಳು ಪಾಸಾದ್ರೆ ಒಂದು ವರ್ಷ ಎಲ್ಲೂ ಹೋಗದೆ ಇಲ್ಲೇ ಇರ್ತೀನಿ ಅಂತ ಗಂಗಮ್ಮನಿಗೆ ಮಾತು ಕೊಟ್ಟಿದೀನಿ. ದೊಡ್ಡವನಿಗೆ ಕಾಗದ ಹಾಕೋಕೆ ನಿನ್ನ ಗಂಡನಿಗೆ ಹೇಳಿದೀನಿ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವರಿಗೆ ಆ ಕಿಟಕಿಯ ಸೀಟು ಎಂಥದ್ದೆಂದು ನನಗೆ ಗೊತ್ತಿತ್ತು. "ನೀವು ಹರಿಯೋ ನೀರು ಅಲ್ವಾ ಅತ್ತೆ" ಎಂದೆ, ಅಳುತ್ತಲೇ.

ಮಗು ಎಣ್ಣೆಗೈಯಲ್ಲಿ ಅವರ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅತ್ತೆ ಅದನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ.

"ನೀನೇ ಹೇಳಿದ್ಯಲ್ಲೇ, ಹರಿಯೋ ನೀರಲ್ಲೂ ಕಟ್ಟುತ್ತೆ ಅಂತ. ಕಟ್ಟಿಬಿಡ್ತು, ಏನ್ ಮಾಡೋದು?" ಎಂದರು. "ಏಳು, ಮುಖ ತೊಳ್ಕೊ. ನಿನ್ನ ಪಾಚಿ ನೀನು ನೋಡ್ಕೊ, ನನ್ನ ಪಾಚಿ ನಾನು ನೋಡ್ಕೊತೀನಿ."